ಸೊನ್ನೆ ತೋರಿಸಿದ ಫೋನು

ಸಾಂತಾಕ್ರೂಜ್,
ಬುಧವಾರ

ಪ್ರೀತಿಯ ಅವ್ವ,

ಸಕ್ಕರೆ ಕಾಯಿಲೆ ಪರೀಕ್ಷೆಗೆ ರಕ್ತ ಹಚ್ಚುವ ಹೊಸ ಪಟ್ಟಿಗಳ ಜೊತೆ ಈ ಪತ್ರವನ್ನೂ ನಮ್ಮ ಆಫೀಸಿನ ಸುಭಾಷನ ಕೈಯಲ್ಲಿ ಕುರ್ಲಾಕ್ಕೆ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ "ಊಟ ಆತೇನು?" ಎಂದು ಮಾತು ತಿರುಗಿಸುತ್ತೀ.

ಹೋದ ತಿಂಗಳು ನಿನ್ನ ಫೋನಿನ ಆ್ಯಪ್ ರಕ್ತದ ಸಕ್ಕರೆ ಸೊನ್ನೆ ಎಂದು ತೋರಿಸಿತು. ನೀನು ಹೆದರಿ ಹಿಡಿ ಸಕ್ಕರೆ ತಿಂದು ಆಸ್ಪತ್ರೆ ಸೇರಿದೆ. ನಿಜವಾಗಿ ಅಂದು ಪಟ್ಟಿಗೆ ರಕ್ತ ಸಾಲದೆ ಅಳತೆಯೇ ಸಿಕ್ಕಿರಲಿಲ್ಲ. ಸಂಖ್ಯೆಯೇ ಅಲ್ಲದ ಇಂಥ ಉತ್ತರವನ್ನು ಸಂಖ್ಯೆ ಮಾಡು ಎಂದರೆ ನಿನ್ನ ಫೋನು ಸೊನ್ನೆ ಕೊಡುತ್ತದೆ, ನಮ್ಮ ಆಫೀಸಿನ ಕಂಪ್ಯೂಟರು ಭಾರೀ ಮೈನಸ್ ಸಂಖ್ಯೆ ಕೊಡುತ್ತದೆ. ಆ ಆ್ಯಪ್ ಬರೆದಿರುವುದು ನಾವು ಕಟ್ಟುತ್ತಿರುವ ಪ್ರೋಗ್ರಾಮಿಂಗ್ ಭಾಷೆಯಲ್ಲೇ.

ಉತ್ತರ ಸಂಖ್ಯೆ ಹೌದೋ ಅಲ್ಲವೋ ಎಂದು ಮೊದಲು ನೋಡಬೇಕು, ಎಲ್ಲ ಯಂತ್ರಗಳಿಗೂ ಇದೊಂದೇ ನಿಯಮ ಇರಲಿ ಎಂದು ಮೀಟಿಂಗಿನಲ್ಲಿ ಕೇಳಿದೆ. "ಪ್ರತಿ ಸಲ ಚೆಕ್ ಮಾಡಿದ್ರೆ ಸ್ಪೀಡ್ ಕಮ್ಮಿ ಆಗುತ್ತೆ," ಎಂದರು ನಮ್ಮ ಮುಖ್ಯಸ್ಥರಾದ ಅನಿಲಕುಮಾರ ಸರ್. ನಿನಗಾದದ್ದನ್ನು ಹೇಳಿದೆ. ಅವರು, "ಅವ್ವಾರು ಈಗ ಹೆಂಗದಾರ?" ಎಂದು ನಮ್ಮ ಕಡೆಯ ಮಾತಿನಲ್ಲೇ ಕೇಳಿದರು. ನಿಯಮಕ್ಕೆ ಒಪ್ಪಿಗೆ ಸಿಕ್ಕಿತು.

ಇನ್ನು ಅಳತೆ ಸಿಗದಿದ್ದರೆ ಯಾವ ಫೋನೂ ಸೊನ್ನೆ ಅನ್ನುವುದಿಲ್ಲ. "ಅಳತೆ ಸಿಕ್ಕಿಲ್ಲ, ಮತ್ತೊಮ್ಮೆ ನೋಡಿ" ಅನ್ನುತ್ತದೆ. ಸುಭಾಷ ಆ್ಯಪ್ ಅಪ್‌ಡೇಟ್ ಮಾಡಿಕೊಡುತ್ತಾನೆ, ಗೊಣಗದೆ ಫೋನು ಅವನ ಕೈಗೆ ಕೊಡು.

ಹೆದರಿಕೊಂಡು ಬೆರಳನ್ನು ತೀರಾ ಹಗುರಾಗಿ ಚುಚ್ಚಿಕೊಳ್ಳುತ್ತೀ ಎಂದು ಡಾಕ್ಟರು ಹೇಳಿದರು. ನನಗೆ ಇದು ಗೊತ್ತೇ ಇರಲಿಲ್ಲ. ಭಾನುವಾರ ಬರುತ್ತೇನೆ. ನಾನೇ ಚುಚ್ಚುತ್ತೇನೆ, ನೀನು ಆ ಕಡೆ ಮುಖ ಮಾಡಿಕೊಂಡು ನನ್ನನ್ನು ಬೈಯುತ್ತಿರು.

ನಿನ್ನ ಮಗಳು,
ಶೀತಲ್