ತಿಕ್ಕಬಾರದ ಪೊರೆ

ಹುಲಕಲ್ಲು
ಪೊರೆಶಕ ೧೪೩, ಎರಡನೆಯ ಚೈತ್ರ, ಮೂವತ್ತಮೂರನೆಯ ದಿನ

ಸಬರ್ವಾಲ್ ಅವರೇ,

ತಾರೀಖು ಸುಳ್ಳೆನಿಸಬಹುದು, ಕೆಲವು ಮಾತುಗಳು ವಿಚಿತ್ರವೆನಿಸಬಹುದು, ಮನ್ನಿಸಿ. ನಿಮ್ಮನ್ನು ನಾನು ಮನ್ನಿಸುವುದಿಲ್ಲ.

ಬಿಸಿಲಿನಿಂದ ವಿದ್ಯುತ್ ಮಾಡಲು ನೀವು ನಮ್ಮೂರಿಗೆ ತಂದ ತೆಳು ಸಿಲಿಕಾನ್ ಹಾಳೆಯನ್ನು ನಾವು ಪೊರೆ ಎನ್ನುತ್ತೇವೆ; ನಮ್ಮ ಶಕದ ಎಣಿಕೆಯೂ ಅದು ಬಂದ ವರ್ಷದಿಂದಲೇ. ಅದರ ಮೈಮೇಲೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಮುಳ್ಳುಗಳಿವೆ. ಬಿದ್ದ ಬೆಳಕನ್ನು ಹೊರಗೆ ಬಿಡದೆ ಹಿಡಿಯುವುದು ಅವೇ. ಇವತ್ತು ಮಾಳಿಗೆ, ದನದ ಕೊಟ್ಟಿಗೆ, ಬಸ್ ನಿಲ್ದಾಣ ಎಲ್ಲಕ್ಕೂ ಪೊರೆಯಿದೆ. ರೊಟ್ಟಿ ಬೇಯುವುದೂ ಅದರಿಂದಲೇ. ಮಾಳಿಗೆ ಹತ್ತುವವರು ಬಳೆ, ಉಂಗುರ ತೆಗೆದಿಡುತ್ತಾರೆ. ಧೂಳು ಕೂತರೆ ನೀರು ಚಿಮುಕಿಸುತ್ತಾರೆ, ಯಾರೂ ಕೈಯಾಡಿಸುವುದಿಲ್ಲ.

ಹಲವು ತಲೆಮಾರುಗಳ ಹಿಂದಿನ ನಮ್ಮ ಮನೆತನದ ಹಿರಿಯಳಾದ ಆಯಿ ನೀಲಗಂಗವ್ವನಿಗೆ ಇದನ್ನು ಯಾರೂ ಹೇಳಲಿಲ್ಲ. ‘ಒರೆಸಬೇಡಿ’ ಎಂಬ ಸೂಚನೆ ಪೊರೆಯ ಅಂಚಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡ ಸೇರಿಸಿದರೆ ಚೀಟಿ ಉದ್ದವಾಗುತ್ತದೆಂದು ನೀವೇ ತೆಗೆಸಿದಿರಿ. ಪೊರೆ ನೋಡಿಕೊಳ್ಳಲು ನೇಮಿಸಿದ, ಆಯಿಯೂ ಸೇರಿ ಹದಿಮೂರು ಹೆಂಗಸರು ಅದನ್ನು ಹಬ್ಬದ ತಾಮ್ರದ ಕೊಡದಂತೆ ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ಥಳಥಳ ಮಾಡಿದರು. ಮುಳ್ಳುಗಳೆಲ್ಲ ಸವೆದವು. ಹೊಳೆಯುವ ಪೊರೆ ಎಂದರೆ ಬೆಳಕನ್ನು ವಾಪಸು ಕಳಿಸುವ ಪೊರೆ.

“ತಿಕ್ಕಬ್ಯಾಡ್ರಿ ಅಂತ ಒಂದ್ ಮಾತ್ ಹೇಳಿದ್ರ ನಮ್ ರಟ್ಟೀನರ ಉಳೀತಿದ್ವಲ್ರೀ ಸಾಹೇಬ್ರ?” ಎಂದು ಆಯಿ ಕೇಳಿದಳಂತೆ. ನೀವು ವರದಿಯಲ್ಲಿ ‘ಹೆಂಗಸರ ಅಜ್ಞಾನ’ ಎಂದು ಬರೆದು ಜೀಪು ಹತ್ತಿದಿರಿ. ಊರು ಕತ್ತಲಾಯಿತು. “ಬೆಳಕ ತಿಂದಾಕಿ ಬಂದ್ಳು, ಚಿಮಣಿ ಮುಚ್ಚಿಟ್ಕೋರೆವಾ!” ಎಂದು ಆಯಿಯನ್ನು ಕಂಡು ಬಾವಿಕಟ್ಟೆಯಲ್ಲಿ ನಕ್ಕರು. ಅದೇ ನಮ್ಮ ಅಡ್ಡಹೆಸರಾಯಿತು. ಶಾಲೆಯ ಹಾಜರಿಯಲ್ಲಿ ನಾನು ರತ್ನಪ್ರಭಾ ಬೆಳಕತಿಂದವರ.

ನಾನೂ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಆ ಚೀಟಿ ನನಗೆ ಸಲೀಸಾಗಿ ಅರ್ಥವಾಗುತ್ತದೆ. ನಿಮ್ಮ ಜಾಗದಲ್ಲಿದ್ದರೆ ಬೇರೆ ರೀತಿ ಮಾಡುತ್ತಿದ್ದೆನೇ? ಗೊತ್ತಿಲ್ಲ. ಈ ಅನುಮಾನದಿಂದ ನನ್ನ ಸಿಟ್ಟು ಹೆಚ್ಚಿದೆಯೇ ಹೊರತು ಇಳಿದಿಲ್ಲ.

ಕಾಲದಲ್ಲಿ ಹಿಂದಕ್ಕೆ ಸಾಗಿ, ಚೀಟಿ ಅಚ್ಚಿಗೆ ಹೋಗುವ ದಿನವೇ ಈ ಪತ್ರ ನಿಮಗೆ ತಲುಪುತ್ತದೆ. ಅಂದು ನೀವು ಹುಲಕಲ್ಲಿನಲ್ಲೇ ಇರುತ್ತೀರಿ. ಬೇಕೆಂದೇ ಕನ್ನಡದಲ್ಲಿ, ಅಕ್ಷರಕ್ಕೆ ಅಕ್ಷರ ಹೆಣೆಯುವ ಕೂಡಕ್ಷರದ ಕೈಬರಹದಲ್ಲಿ ಬರೆದಿದ್ದೇನೆ. ನಿಮ್ಮ ಫೋನಿನ ಅನುವಾದಕ್ಕೂ ದಕ್ಕುವುದಿಲ್ಲ. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿರುವುದು ಇದನ್ನು ಓದಿಹೇಳಬಲ್ಲವಳ ಹೆಸರೊಂದೇ.

ಆಯಿ, ಈಗ ಇದನ್ನು ಗಟ್ಟಿಯಾಗಿ ಓದುತ್ತಿರುವವಳು ನೀನು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳಿರಬೇಕು. ಅವಸರ ಮಾಡಬೇಡ. ಅವರು ನಿಂತೇ ಕೇಳಲಿ. ಅರ್ಥವೇನೆಂದು ಅವರಾಗಿಯೇ ಕೇಳಿದರೆ ಮಾತ್ರ ಹೇಳು. ಚೀಟಿಗೆ ಕನ್ನಡದ ಸಾಲು ಸೇರಿಸಲು ಇನ್ನೂ ಹೊತ್ತಿದೆ; ಅಚ್ಚಿನವರು ಬಾಗಿಲು ಮುಚ್ಚುವುದು ಸಂಜೆ ಐದಕ್ಕೆ.