ಹಸಿದ ಇದ್ದಿಲು

ಕೆರಗೋಡು,
ಸೋಮವಾರ, 8 ಸೆಪ್ಟೆಂಬರ್ 2025

ಸೌಭಾಗ್ಯವತಿ ದೇವೀರಮ್ಮನ ಸಮ್ಮುಖಕ್ಕೆ, ನಿನ್ನ ಗಂಡ ನಾಗರಾಜು ತಲೆ ತಗ್ಗಿಸಿ ಬರೆಯುವುದು.

ನೀನು ಫೋನು ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಅಬ್ಬರಿಸಿ ಕೆಡಿಸುತ್ತಿದ್ದೆ. ದುರ್ಯೋಧನನ ಪಾರ್ಟು ಮಾಡಿ ಮಾಡಿ ಈ ಗಂಟಲಿನಿಂದ ‘ತಪ್ಪಾಯಿತು’ ಅನ್ನುವ ಮಾತೇ ಹೊರಡದು. ಅದಕ್ಕೇ ಈ ಕಾಗದ.

ಕೇಳು ದೇವೀರಿ! ನಮ್ಮ ಹೊಲದ ರಾಗಿ ಪೈರು ಅರಿಶಿನ ಬಳಿದಂತೆ ನಿಂತಿದೆ. ಕಬ್ಬು, ಅದರ ಕೂಳೆ ಬೆಳೆ, ಮತ್ತೆ ಕಬ್ಬು ಎಂದು ಆ ಮಣ್ಣನ್ನು ಹಿಂಡಿ ಹಿಪ್ಪೆ ಮಾಡಿದವನು ನಾನು. ಅದಕ್ಕೆ ಜೀವ ತುಂಬಲೆಂದು ಮಂಡ್ಯದ ತರಬೇತಿಗೆ ಹೋಗಿ ಕಲಿತು, ಕಬ್ಬಿನ ತರಗನ್ನು ಡ್ರಮ್ಮಿನಲ್ಲಿ ಸುಟ್ಟು ಇದ್ದಿಲು ಮಾಡಿದವಳು ನೀನು. ಸಗಣಿ, ಗಂಜಲದಲ್ಲಿ ತಿಂಗಳು ನೆನೆಯಲಿ ಅಂದೆ. ‘ಅಸ್ದಿರೋ ಇದ್ಲು ಪೈರಿನ ತಟ್ಟೇಗೇ ಕೈ ಆಕ್ತದೆ, ಮೊದ್ಲು ಅದುಕ್ಕೆ ಉಣ್ಣಕ್ಕಿಕ್ಕಿ’ ಎಂದು ಬಡಕೊಂಡೆ.

ನಾನು ಕೇಳಿದೆನೇ? ಬಯೋಚಾರ್ ಅನ್ನುವ ಈ ಇದ್ದಿಲು ಗೊಬ್ಬರ ನೋಡಲು ಮದ್ದೂರಿನ ರೈತರು ಬರುತ್ತಾರೆ ಅಂದಕೂಡಲೇ ನನಗೆ ರಂಗಸ್ಥಳ ಸಿಕ್ಕಂತಾಯಿತು. ಅವರು ಬರುವಷ್ಟರಲ್ಲಿ ಪೈರು ಎದ್ದು ನಿಂತಿರಬೇಕೆಂದು ಒಣ ಇದ್ದಿಲನ್ನೇ ಚೆಲ್ಲಿ, ಟ್ರ್ಯಾಕ್ಟರ್ ಹೊಡೆಸಿ ರಾಗಿ ಬಿತ್ತಿದೆ.

ಅವರು ಬಂದರು. ‘ಯಾಕಣ್ಣ, ಪೈರೆಲ್ಲ ಇಂಗೆ ಅಳ್ದಿ ತಿರುಗ್ಬುಟ್ಟದೆ?’ ಎಂದು ಅವರ ಗುಂಪಿನ ಸಿದ್ದೇಶ್ ಕೇಳಿದ. ‘ನಮ್ಮೆಂಗ್ಸಿನ ಕೆಲ್ಸ ಕಣ್ಲಾ! ಅಳ್ತೆ ಗೊತ್ತಿಲ್ದೆ ಗಂಜ್ಲ ಸುರುದ್ಬುಟ್ಳು’ ಅಂದೆ. ಎಲ್ಲರೂ ನಕ್ಕರು. ಸುಳ್ಳು ಎಂದು ನೀನು ಅಲ್ಲೇ ಹೇಳಬಹುದಿತ್ತು. ಸೆರಗು ಸರಿಮಾಡಿಕೊಂಡು ಅವರಿಗೆ ಮಜ್ಜಿಗೆ ತರಲು ಹೋದೆ. ಮರುದಿನ ತವರಿನ ಬಸ್ಸು ಹತ್ತಿದೆ.

ನಿನ್ನೆ ನಾಟಕದ ಪ್ರಾಕ್ಟೀಸಿನಲ್ಲಿ ಹಾರ್ಮೋನಿಯಂ ಶಿವಯ್ಯ, ‘ಏನ್ಲಾ ಕೌರವ, ಅರಮನೇಲಿ ಒಲೆ ಅಚ್ಚೋರಿಲ್ವಾ?’ ಎಂದು ಅಣಕಿಸಿದ. ಸಭಾಪರ್ವದ ಮಾತು ಶುರುಮಾಡಬೇಕು. ತುಂಬಿದ ಸಭೆಯಲ್ಲಿ ಹೆಣ್ಣಿನ ಮಾನ ಕಳೆಯುವ ಆ ಪಾರ್ಟನ್ನು ನಾನು ಬಣ್ಣ ಹಚ್ಚದೆಯೇ ಆಡಿ ಮುಗಿಸಿದ್ದೆನಲ್ಲ! ಗದೆ ಕೆಳಗಿಟ್ಟು, ಒಣ ಇದ್ದಿಲು ಚೆಲ್ಲಿದವನು ನಾನೇ ಎಂದು ಎಲ್ಲರೆದುರು ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಬಾ ಅನ್ನಲು ನನಗೆ ಬಾಯಿಲ್ಲ.

ಇತಿ,
ನಿನ್ನ ಎದುರು ನಿಲ್ಲಲಾರದ
ನಾಗರಾಜು

ಮರೆತದ್ದಲ್ಲ, ಮುಚ್ಚಿಟ್ಟದ್ದು: ಬಾವಿ ಮಗ್ಗುಲಲ್ಲಿ, ನೀನು ಹಟ ಹಿಡಿದು ನೆನೆಸಿದ ಇದ್ದಿಲನ್ನೇ ಹೊತ್ತು ಹಾಕಿದ ಮೂಲೆ ಇದೆಯಲ್ಲ, ಅಲ್ಲಿ ಮಾತ್ರ ಪೈರು ಕಪ್ಪುಹಸಿರು. ಅವತ್ತು ನೀನು ಮಜ್ಜಿಗೆಗೆ ಹೋದಾಗ, ಇದು ಯಾರ ಕೆಲಸ ಎಂದು ಸಿದ್ದೇಶ್ ಕೇಳಿದ. ನೆನೆಸಿ ಹಾಕಿದ್ದು ನಾನೇ ಅಂದುಬಿಟ್ಟೆ. ಈಗ ಫೋನು ಮಾಡಿ, ನೆನೆಸುವುದನ್ನು ಕಲಿಯಲು ಭಾನುವಾರ ಎಲ್ಲರೂ ಬರುತ್ತೇವೆ ಅಂದ. ಮಾಡಿದವಳು ಹಲಗೂರಿನ ತವರಿನಲ್ಲಿದ್ದಾಳೆ, ಅಲ್ಲಿಗೇ ಹೋಗಿ ಅಂದೆ. ಬಂದವರಿಗೆ ಎಲ್ಲವನ್ನೂ ಹೇಳು. ಈ ಸಲ ನನ್ನ ಮಾನ ಉಳಿಸಬೇಡ.