ನಾನು ತುಂಬಿಸದ ಟ್ಯಾಂಕು

ಭಾವ,

ಈಗ ಸಂಜೆ ಐದೂಮುಕ್ಕಾಲು. ಹೊರಗೆ ಆಗಲೇ ಕತ್ತಲಾಗಿದೆ. ಹಮಾಮತ್ಸುವಿನ ಒಣಗಾಳಿ ಬಾಲ್ಕನಿಯಲ್ಲಿ ಬಟ್ಟೆ ಹಾಕುವ ಕೋಲನ್ನು ಅಲ್ಲಾಡಿಸುತ್ತಿದೆ. ಇವತ್ತು ನಮ್ಮ ಹೋಟೆಲಿಗೆ ರಜೆ. ಬೆಳಿಗ್ಗೆ ನಾನೂ ಅಕ್ಕನೂ ಸರೋವರಕ್ಕೆ ಹೋಗಿ ನಿಮ್ಮ ದೋಣಿಯನ್ನು ಚಳಿಗಾಲಕ್ಕೆ ನೀರಿನಿಂದ ಮೇಲೆತ್ತಿಸಿ ಬಂದೆವು. ಜೂನಿನಲ್ಲಿ ನೀವು ನಮ್ಮನ್ನು ಬಿಟ್ಟು ಹೋದ ಮೇಲೆ ಅದು ಕಟ್ಟಿದಲ್ಲೇ ಇತ್ತು. ದೋಣಿ ಅಂಗಳದ ನಾಕಾಯಾಮಾ-ಸಾನ್ ತಾವೇ ಕ್ರೇನ್ ನಡೆಸಿದರು. ಪಟ್ಟಿ ಬಿಗಿಯುವ ಮೊದಲು ದೋಣಿಯ ಕಡೆ ತಿರುಗಿ ತಲೆ ಬಗ್ಗಿಸಿದರು. ಅಕ್ಕ ಬೇರೆ ಕಡೆ ಮುಖ ಮಾಡಿ ನಿಂತುಬಿಟ್ಟಳು.

ನೀವು ಕಲಿಸಿದ ಹಾಗೆಯೇ ಎಲ್ಲ ಮಾಡಿದೆ. ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದು ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿದೆ. ಪೆಟ್ರೋಲ್ ಕೆಡದಂತೆ ಹಾಕುವ ಔಷಧಿ ಬೆರೆಸಿದೆ. ಎಂಜಿನ್ ಕಾಯದಂತೆ ಹೊರಗಿನಿಂದ ನೀರಿನ ಪೈಪು ಸಿಕ್ಕಿಸಿ, ಔಷಧಿ ಒಳಗಿನವರೆಗೂ ಹೋಗಲಿ ಎಂದು ಹದಿನೈದು ನಿಮಿಷ ಓಡಿಸಿದೆ. ಬಂಕಿನ ದರದ ಬೋರ್ಡು ಹೋದ ವರ್ಷಕ್ಕಿಂತ ಇನ್ನೂ ಏರಿದೆ. ಎರಡು ಕ್ಯಾನ್ ಸಾಲದೆ ಮತ್ತೊಮ್ಮೆ ಹೋಗಿ ತಂದಾಗ ಅಕ್ಕ ಕೇಳಿದಳು, "ಮಾರೋ ದೋಣಿಗೆ ಇಷ್ಟು ದುಬಾರಿ ಪೆಟ್ರೋಲ್ ಯಾಕೋ ನಾಗೂ? ತಗೊಳ್ಳೋರು ತುಂಬಿಸ್ಕೊಳ್ಳಲ್ವಾ?" ನಾನು ಕ್ಯಾನ್ ಬಗ್ಗಿಸಿ ಸುರಿಯುತ್ತಲೇ ಇದ್ದೆ.

ನೀವು ನನಗೆ ಈ ಕೆಲಸ ಕಲಿಸಿದ ಮೊದಲ ಚಳಿಗಾಲ ನೆನಪಾಗುತ್ತದೆ. ನಾನು ಜಪಾನಿಗೆ ಬಂದು ಮೂರು ತಿಂಗಳಾಗಿತ್ತೋ ಇಲ್ಲವೋ. ಬಂಕಿನಲ್ಲಿ ಕಬ್ಬಿಣದ ಕ್ಯಾನಿಗೆ ಪೆಟ್ರೋಲ್ ಹಾಕುವ ಮೊದಲು ಹುಡುಗಿ ಹೆಸರು, ಉದ್ದೇಶ ಎಲ್ಲ ಬರೆಸಿಕೊಂಡಳು. ನಾನು ಗಾಬರಿಯಾಗಿ ನಿಂತಿದ್ದೆ. "ಹೆದ್ರಬೇಡ, ನೀನು ಮನೆ ಸುಡೋ ಜಾತಿ ಅಲ್ಲ ಅಂತ ಬರೆದಿದೀನಿ" ಎಂದು ನಕ್ಕಿರಿ. ಅಡುಗೆ ಮಾಡುವವನಿಗೆ ಇದೆಲ್ಲ ಯಾಕೆ ಎಂದು ನಾನು ಗೊಣಗಿದರೆ, "ಲೋ ನಾಗ, ಅನ್ನ ಹಳಸುತ್ತೆ ಅಂತ ನಿಂಗೆ ಗೊತ್ತು ತಾನೇ? ಪೆಟ್ರೋಲೂ ಹಳಸುತ್ತೆ ಕಣೋ. ಟ್ಯಾಂಕಲ್ಲಿ ಖಾಲಿ ಜಾಗ ಬಿಟ್ರೆ ಚಳೀಲಿ ಅದು ಒಳಗೊಳಗೇ ಬೆವರುತ್ತೆ. ಆ ನೀರು ತಳಕ್ಕೆ ಹೋಗಿ ಕೂರುತ್ತೆ. ಅದಕ್ಕೇ ಜಾಗ ಬಿಡಬಾರದು" ಎಂದಿರಿ. ನನಗೆ ಯಾರೂ ಅಷ್ಟು ನಿಧಾನವಾಗಿ ಏನನ್ನೂ ಹೇಳಿಕೊಟ್ಟಿರಲಿಲ್ಲ ಭಾವ. ಶಾಲೆಯಲ್ಲೂ.

ಅಕ್ಕ ಆ ದೋಣಿಯನ್ನು ಸವತಿ ಎಂದೇ ಕರೆಯುತ್ತಿದ್ದಳು. "ಹೋಗಿ ಹೋಗಿ, ನಿಮ್ಮ ಭಾನುವಾರದ ಹೆಂಡತಿ ಕಾಯ್ತಿದಾಳೆ" ಎನ್ನುತ್ತಿದ್ದಳು. ನೀರೆಂದರೆ ಅವಳಿಗೆ ಚಿಕ್ಕಂದಿನಿಂದ ಭಯ. ಸರೋವರ ಸಮುದ್ರ ಸೇರುವ ಬಾಯಿಯನ್ನು ಅವಳಿಗೆ ಒಮ್ಮೆ ತೋರಿಸಬೇಕೆಂದು ನೀವು ಎಷ್ಟು ವರ್ಷ ಗೋಗರೆದಿರಿ? ಅವಳು ದಡದಲ್ಲೇ ಕೂತು ಚಿತ್ರಾನ್ನದ ಡಬ್ಬಿ ಕಾಯುತ್ತಿದ್ದಳು.

ಹೋದ ನವೆಂಬರಿನಲ್ಲಿ ನೀವು ಆಸ್ಪತ್ರೆಯಿಂದ ಫೋನ್ ಮಾಡಿದ್ದಿರಿ. ಎರಡನೆಯ ಸಲ ಔಷಧಿ ಏರಿಸಿದ ಮಾರನೆಯ ದಿನ ಅದು. ದನಿ ಬಹಳ ಕೆಳಗಿತ್ತು. "ಟ್ಯಾಂಕ್ ಫುಲ್ ಮಾಡ್ದೇನೋ?" ಎಂದಿರಿ. "ಮಾಡಿದೀನಿ ಭಾವ" ಎಂದೆ. "ಸಾಸಿವೆ ಎಣಿಸಿ ಒಗ್ಗರಣೆ ಹಾಕೋನು ನೀನು, ಪೆಟ್ರೋಲ್ ರೇಟ್ ನೋಡಿ ಅರ್ಧಕ್ಕೆ ನಿಲ್ಲಿಸಿಲ್ಲ ತಾನೇ?" ಎಂದು ಕೆಮ್ಮುತ್ತಲೇ ನಕ್ಕಿರಿ. ಇಲ್ಲ ಎಂದೆ. ಆಗ ಟ್ಯಾಂಕಿನಲ್ಲಿದ್ದದ್ದು ಕಾಲು ಭಾಗ. ಪೆಟ್ರೋಲಿನ ಔಷಧಿಯನ್ನೂ ಬೆರೆಸಿರಲಿಲ್ಲ.

ದರ ನೋಡಿ ಸುಮ್ಮನಾದೆ ಎಂದು ನನಗೆ ನಾನೇ ಹೇಳಿಕೊಂಡು ಇಷ್ಟು ದಿನ ಬದುಕಿದೆ. ಅದು ಪೂರ್ತಿ ನಿಜವಲ್ಲ. ಬಂಕಿನ ಮುಂದೆ ಕ್ಯಾನ್ ಹಿಡಿದು ನಿಂತಾಗ ನನ್ನ ತಲೆಗೆ ಬಂದದ್ದು ಬೇರೆ. ಬೇಸಿಗೆಗೆ ಈ ದೋಣಿ ಓಡಿಸುವವರು ಯಾರು ಎಂದುಕೊಂಡೆ. ನೀವು ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿ ಗಂಜಿ ಕುಡಿಯುತ್ತಿದ್ದಿರಿ, ಇಲ್ಲಿ ನಾನು ಆಗಲೇ ನಿಮ್ಮನ್ನು...

ಆದರೆ ನೀವು ಮನೆಗೆ ಬಂದಿರಿ. ಏಪ್ರಿಲ್‌ನಲ್ಲಿ ಒಂದು ದಿನ ಗಾಳಿ ನಿಂತು ಬಿಸಿಲು ಬಂದಿತ್ತು. "ಇವತ್ತು ನಾನೂ ಹತ್ತುತೀನಿ" ಎಂದಳು ಅಕ್ಕ. ನಿಮ್ಮ ಮುಖ ಅವತ್ತು ಹೇಗಿತ್ತು ಗೊತ್ತೇ? ನೀವು ಬರುವ ಮೊದಲೇ ನಾನು ಓಡಿ ಹೋಗಿ ಹೊಸ ಪೆಟ್ರೋಲ್ ಸುರಿದು ಟ್ಯಾಂಕಿನ ಅಳತೆ ತೋರಿಸುವ ಮುಳ್ಳನ್ನು ಮೇಲಕ್ಕೆ ತಂದಿಟ್ಟಿದ್ದೆ. ತಳದಲ್ಲಿ ಕೂತಿದ್ದ ನೀರಿನ ಯೋಚನೆ ನನಗೆ ಬರಲಿಲ್ಲ. ಅಕ್ಕ ನಿಮ್ಮ ತೋಳು ಹಿಡಿದು, ಕಣ್ಣು ಮುಚ್ಚಿ ದೋಣಿಗೆ ಕಾಲಿಟ್ಟಳು. ನಾವು ಮೂವರೂ ದಡದಿಂದ ನೂರು ಹೆಜ್ಜೆಯಷ್ಟು ದೂರ ಹೋಗಿರಬಹುದು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ನೀವು ಬಗ್ಗಿ, ಪೆಟ್ರೋಲಿನಿಂದ ನೀರು ಬೇರೆ ಮಾಡುವ ಗಾಜಿನ ಲೋಟವನ್ನು ಬಿಚ್ಚಿ ಬಿಸಿಲಿಗೆ ಹಿಡಿದಿರಿ. ಕೆಳಗೆ ನೀರು, ಮೇಲೆ ಪೆಟ್ರೋಲು, ನಡುವೆ ಒಂದು ಗೆರೆ. ನೀರೇ ಹೆಚ್ಚಿತ್ತು. ನೀವು ನನ್ನ ಮುಖ ನೋಡಿದಿರಿ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಇಷ್ಟು ತಿಂಗಳು ಹೀಗೆ ಒದ್ದಾಡುತ್ತಿರಲಿಲ್ಲವೇನೋ. ಆಮೇಲೆ ಅಕ್ಕನ ಕಡೆ ತಿರುಗಿ, "ಈ ಸಲ ಚಳಿ ಜಾಸ್ತಿ ಆಯ್ತು ಕಣೇ. ಫುಲ್ ಟ್ಯಾಂಕೂ ಬೆವರಿದೆ ನೋಡು" ಎಂದಿರಿ. ತುಂಬಿದ ಟ್ಯಾಂಕು ಹಾಗೆ ಬೆವರುವುದಿಲ್ಲ ಎಂದು ನನಗೆ ಕಲಿಸಿದವರೇ ನೀವು.

ಒಬ್ಬ ಮೀನುಗಾರ ಹಗ್ಗ ಕಟ್ಟಿ ನಮ್ಮನ್ನು ದಡಕ್ಕೆ ಎಳೆದು ತಂದ. ನೀವು ಕಂಬಳಿ ಹೊದ್ದು ಅವನಿಗೆ ಸುಮಿಮಾಸೆನ್, ಸುಮಿಮಾಸೆನ್ ಎಂದು ಹೇಳುತ್ತಲೇ ಇದ್ದಿರಿ. ತಪ್ಪು ನನ್ನದು, ಕ್ಷಮೆ ಕೇಳಿದವರು ನೀವು. ಮುಂದಿನ ವಾರ ಸರಿಮಾಡಿಸೋಣ ಎಂದಿರಿ. ಮುಂದಿನ ವಾರ ನೀವು ಮತ್ತೆ ಆಸ್ಪತ್ರೆಯಲ್ಲಿ. ಆಮೇಲೆ ಅಕ್ಕನಿಗೆ ಸಮುದ್ರದ ಬಾಯಿ ತೋರಿಸುವ ದಿನ ಬರಲೇ ಇಲ್ಲ. ಆ ಲೋಟ ನೋಡಿದಾಗ ನಿಮಗೆ ಏನನ್ನಿಸಿತು ಭಾವ? ಇವನು ನನ್ನ ಮೇಲೆ ಆಸೆ ಬಿಟ್ಟಿದ್ದ ಎಂದೇ?

ಇವತ್ತು ವಾಪಸ್ ಬರುವಾಗ ಅಕ್ಕ ಕೊಂಬಿನಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಕಾಫಿ ತಂದಳು. ಮತ್ತೆ ಅದೇ ಪ್ರಶ್ನೆ ಕೇಳಿದಳು. ಹೇಳಿಬಿಟ್ಟೆ. ಫೋನಿನ ಸುಳ್ಳು, ಅವತ್ತು ನೀವು ಬರುವ ಮೊದಲು ಸುರಿದದ್ದು, ಬಂಕಿನ ಮುಂದೆ ತಲೆಗೆ ಬಂದದ್ದು, ಎಲ್ಲ. ಅವಳು ಕಾಫಿಯ ಮುಚ್ಚಳವನ್ನು ತೆಗೆಯಲೇ ಇಲ್ಲ.

"ಅಂದ್ರೆ ನೀನು ಆಗ್ಲೇ ಅವರನ್ನ ಕಳಿಸಿಬಿಟ್ಟಿದ್ದೆ."

ಕಾಫಿಯನ್ನು ಹಾಗೆಯೇ ಪಕ್ಕಕ್ಕಿಟ್ಟು ಕಾರು ಶುರುಮಾಡಿದಳು.

"ನಂಗ್ಯಾಕೆ ಹೇಳ್ತೀಯ ಈಗ? ಅವರ ಹತ್ರ ಹೇಳು, ಹೋಗು."

ನನ್ನ ಮನೆಯ ಮುಂದೆ ಇಳಿಸಿ, ಮೇಲೆ ಬಾರದೆ ಹೊರಟುಹೋದಳು. ಅದಕ್ಕೇ ಈ ಕಾಗದ.

ಇಷ್ಟು ಬರೆಯುವಾಗ ನಿಮ್ಮ ಮಗಳು ಅನನ್ಯ ಫೋನ್ ಮಾಡಿದಳು. "ಮಾಮ, ನಾಳೆ ಬೋಟ್ ತಗೊಳ್ಳೋರು ಬರ್ತಾರಂತೆ. ಯು ವಿಲ್ ಕಮ್, ರೈಟ್?" ಎಂದಳು. ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ಟ್ಯಾಂಕಲ್ಲಿ ನೀರಾಗಿದ್ದು, ಯಾಕಾಯ್ತು ಅನ್ನೋದು, ಅವನೇ ಬಾಯಿ ಬಿಟ್ಟು ತಗೊಳ್ಳೋರಿಗೆ ಹೇಳ್ಬೇಕು ಅಂತ ಹೇಳು ಅವನಿಗೆ." ಅಕ್ಕ ಪ್ರತಿ ಸಲ ಹೇಳುವ ಹಾಗೆ ಊಟಕ್ಕೆ ಬಾ ಎಂದು ಹೇಳಲಿಲ್ಲ. ಅನನ್ಯ, "ಡಿಡ್ ಯೂ ಹಿಯರ್?" ಎಂದಳು. ಕೇಳಿಸಿತು ಎಂದೆ.

ಹೇಳುತ್ತೇನೆ ಭಾವ. ಈ ಸಲ ನನ್ನ ಪರವಾಗಿ ಸುಳ್ಳು ಹೇಳುವವರು ಯಾರೂ ಇಲ್ಲ.

ದೋಣಿ ತೆಗೆದುಕೊಳ್ಳುವವರು ನಾಳೆ ಹತ್ತು ಗಂಟೆಗೆ ಬರುತ್ತಾರೆ.